ಶುಶ್ರೂಷೆ ಎಂದರೆ ಕೇಳುವ ಇಚ್ಛೆ

ರೋಗಿಯ ಆರೈಕೆಗೆ ಕನ್ನಡದಲ್ಲಿ ಬಳಕೆಯಾಗುವ ‘ಶುಶ್ರೂಷೆ’ ಎಂಬ ಶಬ್ದವು ಸಂಸ್ಕೃತದ ‘ಶ್ರು’ ಧಾತುವಿನಿಂದ, ಅಂದರೆ ಕೇಳುವುದು ಎಂಬ ಅರ್ಥದ ಮೂಲದಿಂದ ಹುಟ್ಟಿದ್ದು, ಅದರ ಮೊದಲ ಅರ್ಥ ‘ಕೇಳುವ ಇಚ್ಛೆ’ ಎಂದೇ ಆಗಿದೆ. ಗುರುವಿನ ಮಾತನ್ನು ಕೇಳಬೇಕೆಂಬ ಶಿಷ್ಯನ ಹಂಬಲಕ್ಕೆ ಹಿಂದೆ ಇದೇ ಶಬ್ದ ಸಲ್ಲುತ್ತಿತ್ತು. ಕೇಳುವವನು ಗುರುವಿನ ಬಳಿಯಲ್ಲೇ ಇದ್ದು ಅವನ ಬೇಕುಬೇಡಗಳನ್ನು ನೋಡಿಕೊಳ್ಳುತ್ತಿದ್ದುದರಿಂದ ಕ್ರಮೇಣ ಅದಕ್ಕೆ ಸೇವೆ ಎಂಬ ಅರ್ಥ ಕೂಡಿಕೊಂಡು, ಕೊನೆಗೆ ರೋಗಿಯ ಉಪಚಾರಕ್ಕೆ ಅದು ನಿಂತಿತು. ಹೀಗೆ ಕಲಿಕೆ ಮತ್ತು ಆರೈಕೆ ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟಿರುವ ಈ ಶಬ್ದವು, ನರ್ಸಿಂಗ್ ಕಲಿಸುವ ಶಿಕ್ಷಕಿಯೊಬ್ಬಳು ತನ್ನ ಬೋಧನಾ ದರ್ಶನವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ.

ಬೋಧನಾ ದರ್ಶನ ಎಂದರೆ ಏನನ್ನು ಕಲಿಸಬೇಕು ಎಂಬ ಪಟ್ಟಿಯಲ್ಲ. ಆ ಪಟ್ಟಿಯನ್ನು ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ವಿಶ್ವವಿದ್ಯಾಲಯಗಳು ಸಿದ್ಧಮಾಡಿ ಕೊಡುತ್ತವೆ. ಕಲಿಯುವವಳು ಎಂಥವಳು, ಅವಳು ಹೇಗೆ ಕಲಿಯುತ್ತಾಳೆ, ತಪ್ಪಿದಾಗ ಅವಳನ್ನು ಹೇಗೆ ನಡೆಸಿಕೊಳ್ಳಬೇಕು, ಕಲಿತ ವಿದ್ಯೆ ಕಟ್ಟಕಡೆಗೆ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗಳಿಗೆ ಒಬ್ಬ ಶಿಕ್ಷಕಿ ತನ್ನ ಅನುಭವದಿಂದ ಕಂಡುಕೊಂಡ ಉತ್ತರಗಳ ಒಟ್ಟು ರೂಪವೇ ಬೋಧನಾ ದರ್ಶನ. ಎಂ.ಎಸ್ಸಿ. ನರ್ಸಿಂಗ್ ಪದವಿಯ ಮೊದಲ ವರ್ಷದ ‘ನರ್ಸಿಂಗ್ ಶಿಕ್ಷಣ’ ಎಂಬ ವಿಷಯದಲ್ಲಿ ಆದರ್ಶವಾದ, ವಾಸ್ತವವಾದ, ಪ್ರಕೃತಿವಾದ, ಪ್ರಯೋಜನವಾದ ಮುಂತಾದ ದರ್ಶನಗಳನ್ನು ಓದಿಸಲಾಗುತ್ತದೆ. ಆದರೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ವಾದಗಳು ವಾರ್ಡಿನ ಬಾಗಿಲಲ್ಲೇ ಉಳಿದುಬಿಡುತ್ತವೆ. ಶಿಕ್ಷಕಿಯ ನಿಜವಾದ ದರ್ಶನ ಬಯಲಾಗುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ, ಕೈ ನಡುಗುತ್ತಿರುವ ವಿದ್ಯಾರ್ಥಿನಿಯೊಬ್ಬಳು ಅವಳ ಮುಖವನ್ನು ನೋಡಿದ ಗಳಿಗೆಯಲ್ಲಿ.

ಈ ಮಾತನ್ನು ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲೂಕುಗಳ ನೆಲೆಯಲ್ಲಿ ಇಟ್ಟು ನೋಡುವುದಕ್ಕೆ ಕಾರಣವಿದೆ. ಹಿರಣ್ಯಕೇಶಿ ನದಿಯ ದಂಡೆಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ, ಹುಕ್ಕೇರಿ ತಾಲೂಕಿನ ಸಂಕೇಶ್ವರವು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತಿರುವ ಊರು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಸರದಿ ಸಾಲಿನಲ್ಲಿ ಕನ್ನಡ ಮತ್ತು ಮರಾಠಿ ಒಂದರೊಳಗೊಂದು ಬೆರೆತೇ ಕೇಳಿಸುತ್ತವೆ. ಸುತ್ತಲಿನದು ಕಬ್ಬಿನ ನಾಡು. ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇಲ್ಲಿಯದು. ಗೋಕಾಕದ ದಿಕ್ಕಿನಲ್ಲಿ ಘಟಪ್ರಭಾ ಇದೆ. ಅಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮ ಮತ್ತು ಸಹಕಾರ ತತ್ವದ ಮೇಲೆ ಕಟ್ಟಿದ ಜೆ.ಜಿ. ಸಹಕಾರಿ ಆಸ್ಪತ್ರೆ, ದೊಡ್ಡ ನಗರದಿಂದ ದೂರವಿರುವ ನೆಲದಲ್ಲೂ ವೈದ್ಯಕೀಯ ಪರಂಪರೆಯೊಂದು ಬೇರುಬಿಡಬಲ್ಲದು ಎಂಬುದನ್ನು ತೋರಿಸಿಕೊಟ್ಟಿವೆ. ಈ ಭಾಗದ ನರ್ಸಿಂಗ್ ಶಾಲೆಗಳಿಗೆ ಬರುವ ಹುಡುಗಿಯರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು, ಕೆಲವರು ಮರಾಠಿ ಶಾಲೆಯಿಂದ ಬಂದವರು. ಎದುರಿಗೆ ತೆರೆದ ಪುಸ್ತಕ ಮಾತ್ರ ಇಂಗ್ಲಿಷಿನದು.

ಆರೋಗ್ಯಧಾಮದೊಂದಿಗೆ ತಮ್ಮ ಬದುಕಿನ ಉತ್ತರಾರ್ಧವನ್ನು ಬೆಸೆದುಕೊಂಡಿದ್ದ ಡಾ. ಎನ್.ಎಸ್. ಹರ್ಡೀಕರ್ ಅವರನ್ನು ಇಲ್ಲಿ ನೆನೆಯುವುದು ಉಚಿತ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು ಓದಿ ಬಂದ ಅವರು 1923ರಲ್ಲಿ ಹಿಂದುಸ್ತಾನಿ ಸೇವಾದಳ ಎಂಬ ಸ್ವಯಂಸೇವಕ ಸಂಘಟನೆಯನ್ನು ಕಟ್ಟಿದರು. ಆ ದಳದ ವೈಶಿಷ್ಟ್ಯವಿದ್ದುದು ಅದರ ಶಿಬಿರಗಳಲ್ಲಿ, ಕವಾಯತಿನಲ್ಲಿ, ಸ್ವಯಂಸೇವಕರಿಗೆ ಕೊಡುತ್ತಿದ್ದ ಕಟ್ಟುನಿಟ್ಟಿನ ತರಬೇತಿಯಲ್ಲಿ. ಸೇವೆ ಮಾಡುವ ಮನಸ್ಸಿದ್ದರೆ ಸಾಲದು, ಸೇವೆಯನ್ನು ಕಲಿಯಬೇಕು ಎಂಬುದು ಅದರ ಒಳತತ್ವವಾಗಿತ್ತು. ನರ್ಸಿಂಗ್ ಶಿಕ್ಷಣಕ್ಕೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ, ಏಕೆಂದರೆ ಈ ವೃತ್ತಿಗೆ ಹಾನಿ ಮಾಡಿದ ಹೊಗಳಿಕೆಯೆಂದರೆ ಅದನ್ನು ಬರಿಯ ಸೇವೆ ಎಂದು ಕರೆದದ್ದು. ತಾಯಿಯ ಮಮತೆ, ದೇವತೆಯ ತಾಳ್ಮೆ ಎಂಬ ಮಾತುಗಳನ್ನು ದೀಪ ಬೆಳಗಿಸಿ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭಗಳಲ್ಲಿ ಪ್ರತಿ ವರ್ಷ ಕೇಳಬಹುದು. ಆದರೆ ಮಮತೆಯೊಂದನ್ನೇ ನಂಬಿ ಔಷಧಿಯ ಪ್ರಮಾಣವನ್ನು ಲೆಕ್ಕಹಾಕಲು ಆಗುವುದಿಲ್ಲ. ಪ್ರಾಚೀನರಿಗೆ ಇದು ಗೊತ್ತಿತ್ತು. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಉಪಚಾರದ ಜ್ಞಾನ, ಕೈಚಳಕ, ರೋಗಿಯ ಮೇಲಿನ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಆ ಎಣಿಕೆಯಲ್ಲಿ ಜ್ಞಾನ ಮೊದಲು ಬರುತ್ತದೆ, ಅನುರಾಗ ಮೂರನೆಯದು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ತರಬೇತಿ ಶಾಲೆಯನ್ನು ತೆರೆಸಿದಾಗಲೂ ಅವರ ಹಟ ಇದೇ ಆಗಿತ್ತು: ಒಳ್ಳೆಯ ಹೆಂಗಸಾಗಿದ್ದರೆ ಸಾಕು, ಒಳ್ಳೆಯ ನರ್ಸ್ ಆಗಬಹುದು ಎಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ.

ಭಾರತದಲ್ಲಿ ಈ ವಿದ್ಯೆಗೆ ವ್ಯವಸ್ಥಿತ ರೂಪ ಬಂದದ್ದು ತಡವಾಗಿ. ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯು ದೇಶದಲ್ಲಿ ತರಬೇತಿ ಪಡೆದ ನರ್ಸ್‌ಗಳು ಸುಮಾರು 7,000 ಮಾತ್ರ ಇದ್ದಾರೆಂದು ಎಣಿಸಿತು. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು, ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂತು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಇಲ್ಲಿಯ ಹಳೆಯ ಆಸ್ಪತ್ರೆಗಳ ಮಾತಿನಲ್ಲಿ ಇಂದಿಗೂ ಮರಾಠಿಯ ಛಾಯೆ ಉಳಿದುಕೊಂಡಿದೆ. ಇಂದು ಎ.ಎನ್.ಎಂ., ಜಿ.ಎನ್.ಎಂ., ಬಿ.ಎಸ್ಸಿ. ಎಂಬ ಮೂರು ಕೋರ್ಸುಗಳ ದಾರಿಯಿಂದ ಈ ವೃತ್ತಿಗೆ ಬರಬಹುದು.

ಈ ಭಾಗದ ಶಿಕ್ಷಕಿಯ ದರ್ಶನಕ್ಕೆ ಮೊದಲ ಕಸೋಟಿ ಒಡ್ಡುವುದು ಭಾಷೆ. ರೋಗಿಯು ತನ್ನ ನೋವನ್ನು ಪುಸ್ತಕದ ಭಾಷೆಯಲ್ಲಿ ಹೇಳುವುದಿಲ್ಲ. ‘ಎದಿ ಡವಡವ ಅಂತೈತ್ರಿ’, ‘ಹೊಟ್ಟಿ ಕಡಿತೈತಿ’, ‘ದಮ್ಮ ಹತ್ತತೈತಿ’, ‘ಬಾಯಿ ಕೆಟ್ಟೈತಿ’, ‘ಜುಲಾಬ ಆಗ್ಯಾವು’, ‘ಚಕ್ಕರ ಬಂದಂಗ ಆಗತೈತಿ’ ಎಂದು ಅವನು ಹೇಳುತ್ತಾನೆ. ‘ಹೊಟ್ಟಿ ಕಡಿತೈತಿ’ ಎಂಬ ಮಾತನ್ನು ದಕ್ಷಿಣದ ಜಿಲ್ಲೆಯಿಂದ ಬಂದ ಕಿವಿ ತುರಿಕೆ ಎಂದು ತಿಳಿಯಬಹುದು. ಇಲ್ಲಿ ಅದು ಹೊಟ್ಟೆನೋವು. ‘ಬ್ಯಾನಿ’ ಎಂದರೆ ಯಾವುದೇ ನೋವಾಗಬಹುದು, ತುಂಬು ಬಸುರಿಯ ಬಾಯಲ್ಲಿ ಬಂದರೆ ಹೆರಿಗೆಯ ನೋವು ಆರಂಭವಾಗಿದೆ ಎಂದು ಅರ್ಥ. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ‘ಚಕ್ಕರ’. ಸುತ್ತಲಿನ ಮನೆ ತಿರುಗಿದಂತಾದರೂ ಅದು ಚಕ್ಕರ, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕವಿದರೂ ಅದು ಚಕ್ಕರ. ಆದರೆ ಮೊದಲನೆಯದು ಒಳಕಿವಿಯ ತೊಂದರೆಯ ಸೂಚನೆಯಾಗಿರಬಹುದು, ಎರಡನೆಯದು ರಕ್ತದ ಒತ್ತಡ ಇಳಿಯುತ್ತಿರುವುದರ ಅಥವಾ ಎಲ್ಲೋ ರಕ್ತ ಸೋರುತ್ತಿರುವುದರ ಸೂಚನೆಯಾಗಿರಬಹುದು. ವಿದ್ಯಾರ್ಥಿನಿ ಇವೆರಡನ್ನೂ ಒಂದೇ ಇಂಗ್ಲಿಷ್ ಶಬ್ದದಲ್ಲಿ ಬರೆದು ಮುಗಿಸಿದರೆ ರೋಗಿ ಹೇಳಿದ್ದರಲ್ಲಿ ಅರ್ಧ ದಾಖಲೆಯ ಹೊರಗೇ ಉಳಿಯುತ್ತದೆ. ಬದಲಾಗಿ ಅವಳು ಹಾಸಿಗೆಯ ಮಟ್ಟಕ್ಕೆ ಬಗ್ಗಿ, ‘ಆಯಿ, ಮನಿ ತಿರುಗಿದಂಗ ಆಗತೈತೇನು, ಇಲ್ಲಾ ಎದ್ದ ಕೂಡಲೇ ಕಣ್ಣಿಗೆ ಕತ್ತಲಿ ಬರ್ತೈತೇನ್ರಿ?’ ಎಂದು ಕೇಳಿದಾಗ ಮಾತ್ರ ಶುಶ್ರೂಷೆ ತನ್ನ ಮೂಲಾರ್ಥದಲ್ಲಿ ಆರಂಭವಾಗುತ್ತದೆ.

ಆದ್ದರಿಂದ ಇಲ್ಲಿಯ ಒಳ್ಳೆಯ ಶಿಕ್ಷಕಿಯು ಹಳ್ಳಿಯ ಹುಡುಗಿಯ ಕನ್ನಡವನ್ನು ತಿದ್ದಿ ತೆಗೆಯಬೇಕಾದ ಕೊರತೆಯೆಂದು ಕಾಣುವುದಿಲ್ಲ. ಅದು ಅವಳು ತರಗತಿಗೆ ಬರುವಾಗಲೇ ಹೊತ್ತು ತಂದ ವೃತ್ತಿಯ ಉಪಕರಣ. ಇಂಗ್ಲಿಷ್ ಬೇಡ ಎಂಬ ವಾದವನ್ನು ಯಾರೂ ಮಾಡಬೇಕಾಗಿಲ್ಲ. ಔಷಧಿಯ ಹೆಸರು, ವೈದ್ಯರ ಟಿಪ್ಪಣಿ, ಹೊರನಾಡಿನ ಕೆಲಸ ಎಲ್ಲಕ್ಕೂ ಅದು ಬೇಕು, ಮತ್ತು ಅದನ್ನು ಸರಿಯಾಗಿ ಕಲಿಸದೆ ಬಿಡುವುದು ಬಡ ಹುಡುಗಿಯರಿಗೆ ಮಾಡುವ ಅನ್ಯಾಯ. ಆದರೆ ಪರಿಕಲ್ಪನೆಯನ್ನು ಮೊದಲು ತಾಯ್ನುಡಿಯಲ್ಲಿ ಕೂರಿಸಿ, ಅದರ ಮೇಲೆ ಇಂಗ್ಲಿಷ್ ಹೆಸರನ್ನು ಅಂಟಿಸುವುದಕ್ಕೂ, ಅರ್ಥವಾಗದ ಹೆಸರನ್ನು ಮೊದಲು ಉರುಹೊಡೆಸಿ ಅರ್ಥವನ್ನು ಅದೃಷ್ಟಕ್ಕೆ ಬಿಡುವುದಕ್ಕೂ ಇರುವ ಅಂತರ ಬಹಳ ದೊಡ್ಡದು. ರೋಗಿಗಳು ಬಳಸುವ ಮಾತುಗಳನ್ನು ವಿದ್ಯಾರ್ಥಿನಿಯರಿಂದಲೇ ವಾರ್ಡಿನಲ್ಲಿ ಕೂಡಿಸಿ, ಪ್ರತಿಯೊಂದರ ಎದುರಿಗೆ ಅದು ಸೂಚಿಸಬಹುದಾದ ಲಕ್ಷಣ ಮತ್ತು ಕೇಳಬೇಕಾದ ಮರುಪ್ರಶ್ನೆಯನ್ನು ಬರೆಸಿದರೆ, ಒಂದೇ ವರ್ಷದಲ್ಲಿ ಯಾವ ಪ್ರಕಾಶಕರೂ ಅಚ್ಚುಹಾಕದ ಕೈಪಿಡಿಯೊಂದು ಆ ಶಾಲೆಯ ಕೈಗೆ ಸಿಗುತ್ತದೆ.

ಎರಡನೆಯ ಕಸೋಟಿ ತಪ್ಪಿನದು, ಮತ್ತು ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ. ರಕ್ತದೊತ್ತಡವನ್ನು ಅಳೆಯುವುದು ಮೊದಲ ವರ್ಷದಲ್ಲೇ ಕಲಿಸುವ ಕೆಲಸ. ಹೊರಗಿನವರಿಗೆ ತೀರ ಸರಳವಾಗಿ ಕಾಣುತ್ತದೆ. ತೋಳಿಗೆ ಪಟ್ಟಿ ಸುತ್ತಿ, ಮಣಿಕಟ್ಟಿನ ನಾಡಿಯನ್ನು ಬೆರಳಲ್ಲಿ ಹಿಡಿದು ಗಾಳಿ ತುಂಬುತ್ತಾ ಹೋದರೆ ಒಂದು ಹಂತದಲ್ಲಿ ನಾಡಿ ನಿಂತುಹೋಗುತ್ತದೆ. ಅಲ್ಲಿಂದ ಸುಮಾರು 30 ಅಂಕ ಮೇಲಕ್ಕೇರಿಸಿ, ಮೊಣಕೈಯ ಒಳಬಾಗಿನಲ್ಲಿ ಸ್ಟೆತಸ್ಕೋಪನ್ನಿಟ್ಟು, ಗಾಳಿಯನ್ನು ನಿಧಾನವಾಗಿ ಬಿಡುತ್ತಾ ಬಂದರೆ ಮೊದಲು ಕೇಳಿಸುವ ಟಕ್ ಎಂಬ ಸದ್ದು ಮೇಲಿನ ಒತ್ತಡವನ್ನೂ ಸದ್ದು ಅಡಗುವ ಜಾಗ ಕೆಳಗಿನ ಒತ್ತಡವನ್ನೂ ಸೂಚಿಸುತ್ತವೆ. 1905ರಲ್ಲಿ ಈ ಸದ್ದುಗಳನ್ನು ವಿವರಿಸಿದವನು ನಿಕೊಲಾಯ್ ಕೊರೊಟ್ಕಾಫ್ ಎಂಬ ರಷ್ಯದ ಶಸ್ತ್ರವೈದ್ಯ. ಹೊಸಬಳಿಗೆ ಈ ಸದ್ದು ಬಹಳ ಸಲ ಕೇಳಿಸುವುದೇ ಇಲ್ಲ. ವಾರ್ಡಿನಲ್ಲಿ ಫ್ಯಾನಿನ ಗರಗರ, ಸಂಬಂಧಿಕರ ಮಾತು, ತನ್ನದೇ ಎದೆಬಡಿತ, ಹಿಂದೆ ನಿಂತ ಗೆಳತಿಯರ ನೋಟ ಎಲ್ಲವೂ ಅವಳ ಕಿವಿಯನ್ನು ತುಂಬಿರುತ್ತವೆ. ಆಗ ಅವಳ ಮುಂದೆ ಎರಡೇ ದಾರಿಗಳು: ‘ಕೇಳಿಸಲಿಲ್ಲ’ ಎನ್ನುವುದು, ಇಲ್ಲವೇ ಆರೋಗ್ಯವಂತರ ಒತ್ತಡವೆಂದು ಪುಸ್ತಕದಲ್ಲಿ ಓದಿದ 120/80 ಎಂಬ ಸಂಖ್ಯೆಯನ್ನೇ ಬರೆದುಬಿಡುವುದು.

ಎರಡನೆಯ ದಾರಿಯನ್ನು ಹಿಡಿಯುವ ವಿದ್ಯಾರ್ಥಿನಿ ಸುಳ್ಳುಗಾರ್ತಿಯಾಗಿ ಹುಟ್ಟಿದವಳಲ್ಲ. ‘ಕೇಳಿಸಲಿಲ್ಲ’ ಎಂದಾಗ ಹಿಂದೊಮ್ಮೆ ಎಲ್ಲರ ಎದುರು ಬೈಗುಳ ತಿಂದಿರುತ್ತಾಳೆ, ಅಥವಾ ಇನ್ನೊಬ್ಬಳು ತಿಂದದ್ದನ್ನು ನೋಡಿರುತ್ತಾಳೆ; ಅಂದು ಅವಳು ಕಲಿತ ಪಾಠ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು. ಆ ಪಾಠ ತರಗತಿಯಲ್ಲಿ ಯಾರ ಜೀವಕ್ಕೂ ಎರವಾಗುವುದಿಲ್ಲ. ಆದರೆ ಐದು ವರ್ಷಗಳ ನಂತರ, ರಾತ್ರಿ ಡ್ಯೂಟಿಯಲ್ಲಿ ಒಬ್ಬಳೇ ಇದ್ದಾಗ, ಬಾಣಂತಿಯ ಒತ್ತಡ ಇಳಿಯುತ್ತಿರುವ ಹೊತ್ತಿನಲ್ಲಿ ಹಾಳೆಯ ಮೇಲೆ 120/80 ಎಂದು ಬಿದ್ದರೆ, ಅದರ ಬೆಲೆಯನ್ನು ತೆರುವವಳು ಆ ಬಾಣಂತಿ. ಹೆದರಿಸಿ ಕಲಿಸಿದರೆ ಶಿಸ್ತು ಬರುತ್ತದೆ ಎಂಬ ಹಳೆಯ ನಂಬಿಕೆ ನರ್ಸಿಂಗ್ ಶಿಕ್ಷಣದಲ್ಲಿ ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ. ಹೆದರಿಕೆಯಿಂದ ಬರುವುದು ಮುಚ್ಚಿಡುವ ಅಭ್ಯಾಸ.

ಇದಕ್ಕೆ ಒಂದು ಸಣ್ಣ ಉಪಕರಣ ಸುಂದರವಾದ ಪರಿಹಾರವನ್ನು ಒದಗಿಸುತ್ತದೆ. ಒಂದೇ ಬಿಲ್ಲೆಗೆ ಎರಡು ಜೊತೆ ಕಿವಿಕೊಳವೆಗಳಿರುವ ಬೋಧನಾ ಸ್ಟೆತಸ್ಕೋಪ್ ಎಂಬುದೊಂದಿದೆ. ಒಂದು ಜೊತೆ ವಿದ್ಯಾರ್ಥಿನಿಯ ಕಿವಿಗೆ, ಇನ್ನೊಂದು ಶಿಕ್ಷಕಿಯ ಕಿವಿಗೆ. ಇಬ್ಬರೂ ಒಂದೇ ತೋಳಿನ ಮೇಲೆ ಬಗ್ಗಿ, ಒಂದೇ ಸದ್ದನ್ನು ಒಂದೇ ಗಳಿಗೆಯಲ್ಲಿ ಕೇಳುತ್ತಾರೆ. ಸದ್ದು ಬಂದಾಗ ಶಿಕ್ಷಕಿ ಮಾತಾಡದೆ ಬೆರಳೆತ್ತುತ್ತಾಳೆ, ಮುಂದಿನ ಸಲ ಬೆರಳೆತ್ತುವವಳು ವಿದ್ಯಾರ್ಥಿನಿ. ಉಪಕರಣವಿಲ್ಲದ ಶಾಲೆಯಲ್ಲಿ ಶಿಕ್ಷಕಿ ತಾನೊಮ್ಮೆ, ಅವಳೊಮ್ಮೆ ಅಳೆದು, ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದು, ಅಂತರವೇಕೆ ಬಂತೆಂದು ಇಬ್ಬರೂ ಸೇರಿ ಹುಡುಕಬಹುದು: ಪಟ್ಟಿ ಸಡಿಲವಾಗಿತ್ತೇ, ತೋಳು ಎದೆಯ ಮಟ್ಟದಲ್ಲಿತ್ತೇ, ಗಾಳಿಯನ್ನು ಅವಸರದಲ್ಲಿ ಬಿಟ್ಟದ್ದಾಯಿತೇ.

ಮೂರನೆಯದಾಗಿ, ‘ಹೀಗೆ ಮಾಡು’ ಎಂಬುದರ ಜೊತೆಗೆ ‘ಏಕೆ’ ಎಂಬುದನ್ನು ಕಲಿಸದಿದ್ದರೆ ಕೈ ಕಲಿತದ್ದನ್ನು ಬುದ್ಧಿ ಕಾಪಾಡಲಾರದು. ಕಬ್ಬಿನ ಗದ್ದೆಗಳ ಈ ಸೀಮೆಯಲ್ಲಿ ಹಾವು ಕಡಿದವರನ್ನು ಆಸ್ಪತ್ರೆಗೆ ಹೊತ್ತು ತರುವುದು ಅಪರೂಪವಲ್ಲ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಅದನ್ನು ಪತ್ತೆಹಚ್ಚಲು ಯಾವ ದುಬಾರಿ ಯಂತ್ರವೂ ಬೇಡ. ಸುಮಾರು 2 ಮಿಲಿಲೀಟರ್ ರಕ್ತವನ್ನು ಸ್ವಚ್ಛವಾದ, ಒಣಗಿದ, ಹೊಸ ಗಾಜಿನ ನಳಿಕೆಯಲ್ಲಿ ಹಾಕಿ, ಅಲ್ಲಾಡಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ತನ್ನ ಕೆಲಸ ಮಾಡಿದೆ ಎಂದರ್ಥ, ವಿಷನಿರೋಧಕ ಔಷಧಿ ತಡಮಾಡದೆ ಬೇಕು. ಈ ಪರೀಕ್ಷೆಯ ಹೆಜ್ಜೆಗಳನ್ನು ಉರುಹೊಡೆದ ವಿದ್ಯಾರ್ಥಿನಿ, ಗಾಜಿನ ನಳಿಕೆ ಸಿಗದ ದಿನ ಪ್ಲಾಸ್ಟಿಕ್ಕಿನದನ್ನು ಬಳಸಿಬಿಡಬಹುದು, ಅಥವಾ ಸಾಬೂನಿನಿಂದ ತೊಳೆದ ಹಳೆಯದನ್ನು ತೆಗೆದುಕೊಳ್ಳಬಹುದು, ಅಥವಾ ಆತಂಕದಲ್ಲಿ ಎರಡು ನಿಮಿಷಕ್ಕೊಮ್ಮೆ ಅಲ್ಲಾಡಿಸಿ ನೋಡಬಹುದು. ಗಾಜಿನ ಮೈಯನ್ನು ಮುಟ್ಟಿದಾಗಲೇ ರಕ್ತದಲ್ಲಿ ಹೆಪ್ಪುಗಟ್ಟುವ ಕ್ರಿಯೆ ಚುರುಕಾಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹಾಗೂ ಸಾಬೂನಿನ ಅಂಶ ಉಳಿದ ಗಾಜಿನಲ್ಲಿ ಅದು ಸರಿಯಾಗಿ ನಡೆಯದೆ ಆರೋಗ್ಯವಂತನ ರಕ್ತವೂ ವಿಷವೇರಿದಂತೆ ಕಾಣಬಹುದು ಎಂಬ ಕಾರಣವನ್ನು ಒಮ್ಮೆ ಅರಿತವಳು ಈ ತಪ್ಪನ್ನು ಮಾಡುವುದಿಲ್ಲ. ಅವಳ ಜೊತೆ ಆ 20 ನಿಮಿಷ ಶಿಕ್ಷಕಿಯೂ ಗಡಿಯಾರ ನೋಡುತ್ತಾ ನಿಂತರೆ, ಕಾಯುವುದೂ ಒಂದು ಕೆಲಸವೇ ಎಂಬುದು ಹೇಳದೆಯೇ ತಿಳಿಯುತ್ತದೆ.

ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನರ್ಸ್ ಒಬ್ಬಳು ಹೊಸಬಳ ಸ್ಥಿತಿಯಿಂದ ಪರಿಣತಿಗೆ ಐದು ಹಂತಗಳಲ್ಲಿ ಏರುತ್ತಾಳೆಂದು ವಿವರಿಸಿದರು. ಹೊಸಬಳು ನಿಯಮವನ್ನು ಹಿಡಿದು ನಡೆಯುತ್ತಾಳೆ. ಪರಿಣತೆಯು ರೋಗಿಯ ಮುಖವನ್ನು ನೋಡಿದ ಕೂಡಲೇ ಏನೋ ಸರಿಯಿಲ್ಲ ಎಂದು ಗ್ರಹಿಸುತ್ತಾಳೆ, ಹೇಗೆ ಗೊತ್ತಾಯಿತೆಂದು ಕೇಳಿದರೆ ಅವಳಿಗೇ ಹೇಳಲು ತೋಚದು. ಶಿಕ್ಷಕಿಯ ಕಷ್ಟವಿರುವುದೇ ಇಲ್ಲಿ. ತನಗೆ ಉಸಿರಾಟದಷ್ಟು ಸಹಜವಾಗಿಹೋದದ್ದನ್ನು ಮತ್ತೆ ಬಿಡಿಬಿಡಿಯಾಗಿ ಕಳಚಿ, ಮೆಟ್ಟಿಲು ಮೆಟ್ಟಿಲಾಗಿ ಹೊಸಬಳ ಮುಂದೆ ಇಡಬೇಕು. ಅವಳ ಕೈ ನಿಧಾನವಾದಾಗ ‘ಕೊಡಿಲ್ಲಿ’ ಎಂದು ಕಿತ್ತುಕೊಂಡು ತಾನೇ ಮಾಡಿ ಮುಗಿಸುವ ಆಸೆಯನ್ನು ತಡೆದುಕೊಳ್ಳಬೇಕು, ಆದರೆ ರೋಗಿಗೆ ಅಪಾಯವೆನಿಸಿದ ಕ್ಷಣ ಹಿಂಜರಿಯದೆ ಕೈ ಹಾಕಬೇಕು. ಎಷ್ಟು ಹೊತ್ತು ಸುಮ್ಮನಿರಬೇಕು, ಯಾವಾಗ ಕೈ ಹಾಕಬೇಕು ಎಂಬ ಈ ಅಳತೆ ಯಾವ ಪಠ್ಯಕ್ರಮದಲ್ಲೂ ಬರೆದಿಲ್ಲ.

ವಾಸ್ತವದ ಅಡ್ಡಿಗಳನ್ನು ಮರೆಯುವಂತಿಲ್ಲ. ಪರಿಷತ್ತಿನ ನಿಯಮದಂತೆ 10 ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕಿ ಇರಬೇಕು. ಆ ಲೆಕ್ಕ ಕಾಗದದ ಮೇಲೆ ಮಾತ್ರ ಸರಿಯಾಗಿದ್ದು ವಾರ್ಡಿನಲ್ಲಿ ಶಿಕ್ಷಕಿಯೇ ಕಾಣದಿದ್ದರೆ, ಹುಡುಗಿಯರು ಬಿಡುವಿಲ್ಲದ ಸಿಬ್ಬಂದಿಯ ಕೈಕೆಳಗೆ ದಿನದೂಡುತ್ತಾರೆ, ಮತ್ತು ಲಾಗ್ ಬುಕ್ಕಿನಲ್ಲಿ ಮಾಡದ ಕೆಲಸಗಳಿಗೂ ಸಹಿ ಬೀಳತೊಡಗುತ್ತದೆ. ಈ ಸಹಿ 120/80ರ ಅಕ್ಕ. ವಿದ್ಯಾರ್ಥಿನಿಗೆ ಸತ್ಯವಾದ ದಾಖಲೆಯನ್ನು ಬೋಧಿಸುವ ಸಂಸ್ಥೆ ತನ್ನ ದಾಖಲೆಯನ್ನೂ ಸತ್ಯವಾಗಿ ಇಡಬೇಕಾಗುತ್ತದೆ. ಇಲ್ಲವಾದರೆ ಹುಡುಗಿಯರು ಯಾವುದನ್ನು ಕಲಿಯುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ತರಗತಿಯಲ್ಲೇ ಉಳಿದು ವಾರ್ಡಿನ ರೂಢಿ ತಪ್ಪಿದ ಶಿಕ್ಷಕಿಯು ತಿಂಗಳಿಗೆ ಕೆಲವು ದಿನವಾದರೂ ತಾನೇ ರೋಗಿಯ ಆರೈಕೆಗೆ ನಿಲ್ಲುವ ಏರ್ಪಾಡು ಪ್ರತಿ ಶಾಲೆಯಲ್ಲೂ ಆಗಬೇಕು. ಅವಳಿಗೂ ಕೆಲವೊಮ್ಮೆ ರಕ್ತನಾಳ ಸಿಗುವುದಿಲ್ಲ, ಅವಳೂ ‘ಸಿಗಲಿಲ್ಲ, ಇನ್ನೊಬ್ಬರನ್ನು ಕರೆಯೋಣ’ ಎನ್ನುತ್ತಾಳೆ ಎಂಬುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿನಿಗೆ ಪ್ರಾಮಾಣಿಕತೆಯ ಮೇಲೆ ಪ್ರತ್ಯೇಕ ಉಪನ್ಯಾಸ ಬೇಕಾಗುವುದಿಲ್ಲ.

ಈ ಕೆಲಸದಲ್ಲಿ ಸಾರ್ವಜನಿಕರಿಗೂ ಒಂದು ಪಾಲಿದೆ. ಸಂಕೇಶ್ವರದಲ್ಲಾಗಲಿ, ಘಟಪ್ರಭೆಯಲ್ಲಾಗಲಿ, ಬೆಳಗಾವಿಯಲ್ಲಾಗಲಿ, ಹೊಸ ಸಮವಸ್ತ್ರದ ಹುಡುಗಿಯೊಬ್ಬಳು ಹಾಸಿಗೆಯ ಬಳಿ ಬಂದು ಒಮ್ಮೆ ಅಳೆದು, ಮುಖ ಸಣ್ಣದು ಮಾಡಿಕೊಂಡು, ‘ಅಜ್ಜಾರ, ಬರೋಬ್ಬರಿ ಕೇಳಿಸಲಿಲ್ರಿ, ಇನ್ನೊಮ್ಮೆ ನೋಡ್ತೀನ್ರಿ’ ಎಂದರೆ, ‘ನಿನಗ ಬರೂದಿಲ್ಲ, ದೊಡ್ಡ ಸಿಸ್ಟರಗೆ ಕರಿ’ ಎಂದು ಗದರಿಸದೆ, ಅವಳ ಮುಂದೆ ತೋಳನ್ನು ಮತ್ತೊಮ್ಮೆ ಚಾಚಬೇಕು.